ಕರುಳಿನ ಬ್ಯಾಕ್ಟೀರಿಯಾಗೆ ಬೇಕಾದ ಊಟ: ರಾಯಚೂರು, ಕೊಪ್ಪಳ, ಬಳ್ಳಾರಿ ಮನೆಗಳಿಗೆ ಕೈಪಿಡಿ

ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಎಂದ ಕೂಡಲೇ ಮೊಸರಿನ ಮಾತು ಬರುತ್ತದೆ, ಇಲ್ಲವೇ ಮೆಡಿಕಲ್ ಶಾಪಿನ ಪ್ರೊಬಯಾಟಿಕ್ ಪುಡಿಯ ಮಾತು. ಮೊಸರು ಒಳ್ಳೆಯದೇ. ಆದರೆ ಅದರಲ್ಲಿರುವ ಬ್ಯಾಕ್ಟೀರಿಯಾ ನಮ್ಮ ಕರುಳಿನಲ್ಲಿ ಮನೆ ಮಾಡುವುದಿಲ್ಲ. ಬದುಕಿ ಕೆಳಗಿಳಿದವು ಕೆಲವು ದಿನ ಇದ್ದು ಹೊರಟುಹೋಗುತ್ತವೆ. ಹುಟ್ಟಿದಾಗಿನಿಂದ ಒಳಗೇ ನೆಲೆಸಿರುವವು ಬೇರೆ. ಆರೋಗ್ಯದ ದೊಡ್ಡ ಪಾಲು ಇರುವುದು ಆ ನೆಲೆಸಿದವುಗಳಿಗೆ ದಿನವೂ ಸರಿಯಾದ ಆಹಾರ ಸಿಗುವುದರಲ್ಲಿ. ಆ ಆಹಾರ ನಮ್ಮ ಸೀಮೆಯ ಹೊಲದಲ್ಲೇ ಬೆಳೆಯುತ್ತದೆ: ಜೋಳ, ಸಜ್ಜೆ, ಹೆಸರು, ಮಡಿಕೆ, ಕಡಲೆ, ಅಗಸಿ, ಪುಂಡಿಪಲ್ಲೆ.

ಒಳಗೆ ಏನು ನಡೆಯುತ್ತದೆ

70 ಕಿಲೋ ತೂಕದ ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇರುತ್ತವೆ ಎಂಬುದು 2016ರಲ್ಲಿ ಪ್ರಕಟವಾದ ಲೆಕ್ಕ. ಅಂದರೆ ನಮ್ಮ ಸ್ವಂತ ಜೀವಕೋಶಗಳ ಸಂಖ್ಯೆಗೆ ಹೆಚ್ಚುಕಡಿಮೆ ಸಮ, ಸ್ವಲ್ಪ ಜಾಸ್ತಿಯೇ. ಎಲ್ಲ ಸೇರಿಸಿ ತೂಗಿದರೆ 200 ಗ್ರಾಂ ಆಸುಪಾಸು. ಇವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಜಠರದಲ್ಲಿ ಆಮ್ಲ ಇರುವುದರಿಂದ ಅಲ್ಲಿ ಬಹಳ ಕಡಿಮೆ.

ಅನ್ನದ ಪಿಷ್ಟ, ಸಕ್ಕರೆ, ಎಣ್ಣೆ ಸಣ್ಣ ಕರುಳಿನಲ್ಲೇ ಕರಗಿ ರಕ್ತಕ್ಕೆ ಸೇರಿಬಿಡುತ್ತವೆ. ದೊಡ್ಡ ಕರುಳಿನವರೆಗೆ ಉಳಿದು ಬರುವುದು ನಾರು, ಮತ್ತೆ ಜೀರ್ಣವಾಗದೆ ಉಳಿದ ಒಂದಿಷ್ಟು ಪಿಷ್ಟ. ಅದನ್ನು ಬ್ಯಾಕ್ಟೀರಿಯಾ ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ ಬ್ಯುಟಿರೇಟ್. ಅದು ಸಾಕಷ್ಟು ಸಿಕ್ಕರೆ ಪದರ ಗಟ್ಟಿಯಾಗಿರುತ್ತದೆ, ಉರಿಯೂತ ಹದ್ದಿನಲ್ಲಿರುತ್ತದೆ, ನೀರು ಮತ್ತು ಉಪ್ಪನ್ನು ಕರುಳು ಚೆನ್ನಾಗಿ ಹೀರಿಕೊಳ್ಳುತ್ತದೆ. ನಾರು ಬರದೇ ಹೋದರೆ ಕೆಲವು ಬ್ಯಾಕ್ಟೀರಿಯಾ ಕರುಳಿನ ಗೋಡೆಗೆ ರಕ್ಷಣೆಯಾಗಿರುವ ಲೋಳೆಯನ್ನೇ ತಿನ್ನಲು ಶುರುಮಾಡುತ್ತವೆ.

ವಾಂತಿಭೇದಿಗೂ ಇದಕ್ಕೂ ಇರುವ ನಂಟನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಕಾಲರಾ ರೋಗಿಗಳಲ್ಲಿ ತೋರಿಸಿಕೊಟ್ಟರು. 2000ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಒಂದು ಲೀಟರ್ ಓಆರ್‌ಎಸ್‌ಗೆ ಸಣ್ಣ ಕರುಳಿನಲ್ಲಿ ಜೀರ್ಣವಾಗದ 50 ಗ್ರಾಂ ಮೆಕ್ಕೆಜೋಳದ ಪಿಷ್ಟ ಬೆರೆಸಿ ಕೊಟ್ಟಾಗ ಭೇದಿ ಬೇಗ ನಿಂತಿತು. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಆ ಪಿಷ್ಟದಿಂದ ಕೊಬ್ಬಿನಾಮ್ಲ ಮಾಡಿ, ಅದರ ಬಲದಿಂದ ಕರುಳು ಉಪ್ಪುನೀರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ ಎಂಬುದು ಅದರ ಹಿಂದಿನ ತತ್ವ.

ತಟ್ಟೆಯ ಲೆಕ್ಕ

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತ ಹಬ್ಬಿತು. ಮೂರು ಹೊತ್ತೂ ಪಾಲಿಶ್ ಮಾಡಿದ ಸೋನಾ ಮಸೂರಿ ಅನ್ನ ಉಣ್ಣುವ ಮನೆಗಳು ಹೆಚ್ಚಿದವು. ಹೊಟ್ಟೆ ತುಂಬಿತು, ನಾರು ಇಳಿಯಿತು.

100 ಗ್ರಾಂ ಹಸಿ ಪದಾರ್ಥದಲ್ಲಿ ಇರುವ ನಾರು ಸರಿಸುಮಾರು ಹೀಗೆ: ಪಾಲಿಶ್ ಅಕ್ಕಿ 3 ಗ್ರಾಂಗೂ ಕಡಿಮೆ, ಜೋಳ 10, ಸಜ್ಜೆ 11, ತೊಗರಿಬೇಳೆ 9, ಮಡಿಕೆ ಕಾಳು 15, ಇಡೀ ಹೆಸರುಕಾಳು 17, ಸಿಪ್ಪೆ ಇರುವ ಇಡೀ ಕಡಲೆ 25, ಅಗಸಿ 26, ಶೇಂಗಾ 10, ಪೇರಲಹಣ್ಣು 8ರ ಮೇಲೆ.

ಈಗ ಒಂದು ದಿನದ ಊಟಕ್ಕೆ ಲೆಕ್ಕ ಹಾಕಿ. 300 ಗ್ರಾಂ ಅಕ್ಕಿಯ ಅನ್ನ, 40 ಗ್ರಾಂ ತೊಗರಿಬೇಳೆಯ ಸಾರು: ಎರಡೂ ಸೇರಿ 12 ಗ್ರಾಂ ನಾರು. ಅದೇ ದಿನ ಅಕ್ಕಿಯನ್ನು 100 ಗ್ರಾಂಗೆ ಇಳಿಸಿ, 60 ಗ್ರಾಂ ಹಿಟ್ಟಿನ ಜೋಳದ ರೊಟ್ಟಿ ಎರಡು, 30 ಗ್ರಾಂ ಹೆಸರುಕಾಳಿನ ಪಲ್ಲೆ, 100 ಗ್ರಾಂ ಸೊಪ್ಪು, ಎರಡು ಚಮಚ ಅಗಸಿ ಚಟ್ನಿಪುಡಿ ಇಟ್ಟರೆ 25 ಗ್ರಾಂ ದಾಟುತ್ತದೆ. ಸಂಜೆಗೆ ಒಂದು ಪೇರಲಹಣ್ಣು ತಿಂದರೆ 30ರ ಮೇಲೆ. ದುಬಾರಿ ಓಟ್ಸ್ ಆಗಲಿ, ಪರದೇಶದ ಬೀಜಗಳಾಗಲಿ ಬೇಕಿಲ್ಲ.

ನಾಲ್ಕು ಎಚ್ಚರಿಕೆ ಮಾತ್ರ. ಜೋಳದ ಹಿಟ್ಟನ್ನು ತೀರಾ ನುಣ್ಣಗೆ ಸಾಣಿಸಿ ತೌಡು ಎಸೆಯಬೇಡಿ, ನಾರು ಇರುವುದೇ ಅದರಲ್ಲಿ. ಅಗಸಿಯನ್ನು ಹುರಿದು ಕುಟ್ಟಿಯೇ ತಿನ್ನಿ, ಇಡೀ ಕಾಳು ಬಹಳ ಸಲ ಹಾಗೆಯೇ ಹೊರಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಜೋಳ ಎಂದು ನಾಲ್ಕೈದು ರೊಟ್ಟಿ ಹೊಡೆದರೆ ಸಕ್ಕರೆ ಏರಿಯೇ ಏರುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಕಾಳು, ಸೊಪ್ಪಿನ ಪ್ರಮಾಣವನ್ನು ಅವರ ವೈದ್ಯರೇ ಹೇಳಬೇಕು.

ಬಗೆಬಗೆಯ ಬ್ಯಾಕ್ಟೀರಿಯಾ ಬಗೆಬಗೆಯ ನಾರು ತಿನ್ನುತ್ತವೆ. ಹಾಗಾಗಿ ಒಂದೇ ಕಾಳನ್ನು ವಾರವಿಡೀ ಮಾಡಬೇಡಿ. ಸೋಮವಾರ ಹೆಸರು, ಬುಧವಾರ ಮಡಿಕೆ, ಶುಕ್ರವಾರ ಅಲಸಂದಿ ಅಥವಾ ಕಡಲೆ. ಸೊಪ್ಪಿಗೂ ಅದೇ ಮಾತು: ಪುಂಡಿ, ಮೆಂತ್ಯೆ, ರಾಜಗಿರಿ ಬದಲಿಸುತ್ತಿರಿ. ರೊಟ್ಟಿ ಜತೆ ಕಚ್ಚುವ ಹಸಿ ಉಳ್ಳಾಗಡ್ಡಿಯಲ್ಲಿ ಇನ್ಯುಲಿನ್ ಜಾತಿಯ ನಾರಿದೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಲ್ಲಿ ಒಂದಾದ ಬಿಫಿಡೊಬ್ಯಾಕ್ಟೀರಿಯಾಕ್ಕೆ ಅದು ಇಷ್ಟದ ತಿನಿಸು.

ಹೊಟ್ಟೆ ಉಬ್ಬಿ ಬಿಟ್ಟುಬಿಡುವವರಿಗೆ

ಇಲ್ಲೇ ಹೆಚ್ಚಿನವರು ಸೋಲುವುದು. ಓದಿದ ಮರುದಿನವೇ ಬಟ್ಟಲು ತುಂಬ ಕಡಲೆ ಉಸುಳಿ ತಿಂದು, ರಾತ್ರಿ ಹೊಟ್ಟೆ ಬಿಗಿದುಕೊಂಡು, "ನಮಗೆ ಕಾಳು ಆಗಿಬರೋದಿಲ್ಲ" ಎಂದು ಬಿಡುತ್ತಾರೆ. ಬ್ಯಾಕ್ಟೀರಿಯಾ ನಾರನ್ನು ಹುದುಗಿಸುವಾಗ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹುಟ್ಟುತ್ತದೆ. ಆ ಕೆಲಸ ಮಾಡುವ ಬ್ಯಾಕ್ಟೀರಿಯಾ ಹೆಚ್ಚಿ ಹೊಸ ಊಟಕ್ಕೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು.

ವಾರಕ್ಕೆ 5 ಗ್ರಾಂ ನಾರಿನಂತೆ ಏರಿಸಿ. ಮೊದಲ ವಾರ ರಾತ್ರಿಯ ಅನ್ನದ ಜಾಗದಲ್ಲಿ ಒಂದು ರೊಟ್ಟಿ, ಅಷ್ಟೇ. ಎರಡನೇ ವಾರ ಎರಡು ಚಮಚ ಬೇಯಿಸಿದ ಹೆಸರುಕಾಳು ಸೇರಿಸಿ. ಹೆಸರೇ ಯಾಕೆಂದರೆ ಕಾಳುಗಳಲ್ಲಿ ಅದು ಹೊಟ್ಟೆಗೆ ಹಗುರ. ಮೂರನೇ ವಾರ ಸೊಪ್ಪು ಹೆಚ್ಚಿಸಿ, ನಾಲ್ಕನೇ ವಾರ ಅಗಸಿ ಚಟ್ನಿ ಮತ್ತು ಮಡಿಕೆ. ಕಡಲೆ, ಅಲಸಂದಿ ಕೊನೆಗೆ ಬರಲಿ. ನಾರಿನ ಜತೆ ನೀರೂ ಏರಬೇಕು. ಬೇಸಿಗೆಯಲ್ಲಿ ಬಿಸಿಲಿಗೆ ಬೆವರುವವರು ನೀರು ಕುಡಿಯದೆ ನಾರು ಮಾತ್ರ ಏರಿಸಿದರೆ ಮಲ ಇನ್ನೂ ಗಟ್ಟಿಯಾಗುತ್ತದೆ.

ಗ್ಯಾಸಿಗೆ ಕಾರಣವಾಗುವ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳು ನೀರಿನಲ್ಲಿ ಕರಗುವಂಥವು. ಕಾಳನ್ನು 8ರಿಂದ 12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಮೊಳಕೆ ಕಟ್ಟಿದರೆ ಅವು ಇನ್ನೂ ಇಳಿಯುತ್ತವೆ. ಆದರೆ ನಮ್ಮ ಬೇಸಿಗೆಯಲ್ಲಿ ಮೊಳಕೆ ಬರುವಷ್ಟೇ ಬೇಗ ಸಾಲ್ಮೊನೆಲ್ಲಾದಂಥ ಕೆಟ್ಟ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ. ಬಟ್ಟೆಯಲ್ಲಿ ಕಟ್ಟಿದ ಕಾಳನ್ನು ದಿನಕ್ಕೆ ಎರಡು ಮೂರು ಸಲ ಕುಡಿಯುವ ನೀರಿನಲ್ಲೇ ತೊಳೆಯಿರಿ. ಮುಟ್ಟಿದರೆ ಅಂಟಂಟಾಗಿದ್ದು ಮುಗ್ಗಲು ವಾಸನೆ ಬಂದರೆ ಎಸೆಯಿರಿ. ಮಕ್ಕಳು, ಬಸುರಿಯರು, ವಯಸ್ಸಾದವರು ಹಸಿ ಮೊಳಕೆ ತಿನ್ನುವುದು ಬೇಡ, ಉಗಿಯಲ್ಲಿ ಬೇಯಿಸಿ ಕೊಡಿ.

ನಿಧಾನಕ್ಕೆ ಏರಿಸಿದರೂ ತಿಂಗಳುಗಟ್ಟಲೆ ನೋವು, ಉಬ್ಬರ, ಭೇದಿ-ಮಲಬದ್ಧತೆಯ ಏರುಪೇರು ಇದ್ದರೆ ಅದು ಐಬಿಎಸ್ (ಕರುಳು ಸುಲಭವಾಗಿ ಕೆರಳುವ ತೊಂದರೆ) ಇರಬಹುದು. ಅಂಥವರಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗೋಧಿ, ಕೆಲವು ಕಾಳುಗಳು ಆಗಿಬರುವುದಿಲ್ಲ. ಜೋಳ ಸಾಮಾನ್ಯವಾಗಿ ಆಗಿಬರುತ್ತದೆ. ಗೋಧಿಯ ಗ್ಲುಟನ್ ಆಗದವರಿಗೂ ಜೋಳ ಸುರಕ್ಷಿತ, ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ಅದನ್ನು ಬೀಸಿರಬಾರದು ಅಷ್ಟೇ.

ಮೊಸರು: ಬೇಸಿಗೆಯಲ್ಲಿ ಹೆಪ್ಪು ಹಾಕುವ ಕ್ರಮ

ಮನೆಯ ಮೊಸರಿನಲ್ಲಿ ಸ್ಟ್ರೆಪ್ಟೊಕಾಕಸ್, ಲ್ಯಾಕ್ಟೊಕಾಕಸ್, ಲ್ಯಾಕ್ಟೊಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಬೆರೆತಿರುತ್ತವೆ. ಯಾವುದು ಎಷ್ಟು ಎಂಬುದು ಮನೆಮನೆಗೆ ಬೇರೆ. ಹಾಲಿನ ಲ್ಯಾಕ್ಟೋಸನ್ನು ಅವು ತಿಂದು ಆಮ್ಲ ಮಾಡುವುದರಿಂದಲೇ ಹಾಲು ಆಗದ ಎಷ್ಟೋ ಜನರಿಗೆ ಮೊಸರು ಆಗುತ್ತದೆ.

ಅರ್ಧ ಲೀಟರ್ ಹಾಲು ಚೆನ್ನಾಗಿ ಉಕ್ಕಿಸಿ, ಆಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ಆರಿಸಿ. ತೊಳೆದ ಕಿರುಬೆರಳನ್ನು ಅದ್ದಿ ಹತ್ತು ಎಣಿಸುವವರೆಗೆ ಸುಖವಾಗಿ ಇಟ್ಟುಕೊಳ್ಳುವಂತಿದ್ದರೆ ಅದು ಸುಮಾರು 40 ಡಿಗ್ರಿ. ಚಳಿಗಾಲದಲ್ಲಿ ಆ ಬಿಸಿಗೆ ಎರಡು ಟೀ ಚಮಚ ಹೆಪ್ಪು ಹಾಕಿ, ಪಾತ್ರೆಗೆ ಬಟ್ಟೆ ಸುತ್ತಿ 8 ಗಂಟೆ ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಈ ಲೆಕ್ಕ ನಡೆಯುವುದಿಲ್ಲ. ಹಾಲು ಪೂರ್ತಿ ತಣ್ಣಗಾಗಲಿ, ಅರ್ಧ ಟೀ ಚಮಚ ಹೆಪ್ಪು ಸಾಕು, ನಾಲ್ಕೈದು ಗಂಟೆಗೆ ಗಟ್ಟಿಯಾಗುತ್ತದೆ. ಆದ ಕೂಡಲೇ ಫ್ರಿಜ್ಜಿನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಮಣ್ಣಿನ ಕುಡಿಕೆಯನ್ನು ಒದ್ದೆ ಮರಳಿನಲ್ಲಿ ಹೂತಿಡಿ, ಅಂದೇ ಮುಗಿಸಿ.

ಹೆಪ್ಪೇ ಆಗದಿದ್ದರೆ ಕಾರಣ ಎರಡರಲ್ಲಿ ಒಂದು: ಹಾಲು ತೀರಾ ಬಿಸಿ ಇದ್ದು ಹೆಪ್ಪಿನ ಬ್ಯಾಕ್ಟೀರಿಯಾ ಸತ್ತಿವೆ, ಇಲ್ಲವೇ ಎಮ್ಮೆ-ಆಕಳಿಗೆ ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟಿದ್ದು ಅದರ ಅಂಶ ಹಾಲಿನಲ್ಲಿ ಉಳಿದಿದೆ. ಒಂದೇ ಕಡೆಯ ಹಾಲು ಎರಡು ಮೂರು ದಿನ ಬಿಟ್ಟೂಬಿಡದೆ ಹೆಪ್ಪಾಗದಿದ್ದರೆ ಹಾಲು ಹಾಕುವವರನ್ನು ಕೇಳಿ. ಮೊಸರು ನೂಲಿನಂತೆ ಎಳೆಎಳೆಯಾಗಿ ಬಂದರೆ ಹೆಪ್ಪಿನಲ್ಲಿ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಅದನ್ನೇ ಮುಂದುವರಿಸಬೇಡಿ, ಪಕ್ಕದ ಮನೆಯಿಂದ ಹೊಸ ಹೆಪ್ಪು ತನ್ನಿ. ಮೇಲೆ ಗುಲಾಬಿ, ಹಸಿರು, ಕಪ್ಪು ಬಣ್ಣ ಕಂಡರೆ ಪೂರ್ತಿ ಚೆಲ್ಲಿ, ಮೇಲಿನ ಪದರ ಮಾತ್ರ ತೆಗೆದು ಉಳಿದದ್ದು ತಿನ್ನುವುದು ಬೇಡ.

ಕುದಿಸಿದ ಮಜ್ಜಿಗೆ ಸಾರು ರುಚಿಗೆ ಸರಿ, ಜೀವಂತ ಬ್ಯಾಕ್ಟೀರಿಯಾಕ್ಕೆ ಅಲ್ಲ. ಕುದಿತಕ್ಕೆ ಎಲ್ಲ ಸತ್ತಿರುತ್ತವೆ. ಹಸಿ ಮಜ್ಜಿಗೆಯೇ ಬೇಕು.

ಜೋಳದ ಅಂಬಲಿ

ನಾರು, ಹುದುಗು, ಜೀವಂತ ಬ್ಯಾಕ್ಟೀರಿಯಾ ಮೂರೂ ಒಂದೇ ಲೋಟದಲ್ಲಿ ಸಿಗುವ ಪದಾರ್ಥ ಇದು. ನಾಲ್ಕು ಜನಕ್ಕೆ ಅಳತೆ:

1. ಸ್ವಲ್ಪ ತರಿ ಇರುವ ಜೋಳದ ಹಿಟ್ಟು 100 ಗ್ರಾಂ, ಕುದಿಸಿ ಆರಿಸಿದ ನೀರು 400 ಮಿಲಿ, ಹಿಂದಿನ ದಿನದ ಮಜ್ಜಿಗೆ ಒಂದು ದೊಡ್ಡ ಚಮಚ. ಗಂಟಿಲ್ಲದಂತೆ ಕಲಸಿ ಮಣ್ಣಿನ ಅಥವಾ ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಡಿ. ಅಲ್ಯೂಮಿನಿಯಂ ಬೇಡ, ಹುಳಿ ಅದನ್ನು ಕರಗಿಸುತ್ತದೆ.
2. ಬೇಸಿಗೆಯಲ್ಲಿ 6ರಿಂದ 8 ಗಂಟೆ, ಚಳಿಗಾಲದಲ್ಲಿ 12 ಗಂಟೆ ಬಿಡಿ. ಮೇಲೆ ಸಣ್ಣ ಗುಳ್ಳೆ, ಹಿತವಾದ ಹುಳಿ ವಾಸನೆ ಬರಬೇಕು.
3. ಇನ್ನೊಂದು ಪಾತ್ರೆಯಲ್ಲಿ 600 ಮಿಲಿ ನೀರು ಕುದಿಸಿ, ಹುದುಗಿದ ಹಿಟ್ಟನ್ನು ಸಣ್ಣಗೆ ಸುರಿಯುತ್ತ ತಿರುವಿ. 10ರಿಂದ 12 ನಿಮಿಷ ಬೇಯಿಸಿ, ಉಪ್ಪು ಹಾಕಿ ಇಳಿಸಿ.
4. ಪೂರ್ತಿ ಆರಿದ ಮೇಲೆ ಎರಡು ಲೋಟ ಹಸಿ ಮಜ್ಜಿಗೆ, ಹೆಚ್ಚಿದ ಉಳ್ಳಾಗಡ್ಡಿ, ಜೀರಿಗೆ ಪುಡಿ ಬೆರೆಸಿ.

ನಾಲ್ಕನೇ ಹೆಜ್ಜೆಯ ಕ್ರಮ ತಪ್ಪಬಾರದು. ಬಿಸಿ ಅಂಬಲಿಗೇ ಮಜ್ಜಿಗೆ ಸುರಿದರೆ ಅದರ ಬ್ಯಾಕ್ಟೀರಿಯಾ ಸಾಯುತ್ತವೆ, ಒಡೆದೂ ಹೋಗುತ್ತದೆ. ರಾತ್ರಿ ಹುದುಗಿಸಿದ್ದೂ ವ್ಯರ್ಥವಲ್ಲ. ಬೇಯಿಸುವಾಗ ಬ್ಯಾಕ್ಟೀರಿಯಾ ಸತ್ತರೂ, ಅಷ್ಟರೊಳಗೆ ಜೋಳದ ಫೈಟೇಟ್ ಅಂಶ ಒಡೆದು ಕಬ್ಬಿಣ ಮತ್ತು ಸತುವನ್ನು ಮೈ ಹೀರಿಕೊಳ್ಳುವುದು ಸುಲಭವಾಗಿರುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಲಾಭವಲ್ಲ.

ತಂಗಳನ್ನದ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಬೇಯಿಸಿ ತಣ್ಣಗಾದ ಅನ್ನದಲ್ಲಿ ಜೀರ್ಣವಾಗದ ಪಿಷ್ಟ ಸ್ವಲ್ಪ ಹೆಚ್ಚುತ್ತದೆ, ಅದು ಬ್ಯಾಕ್ಟೀರಿಯಾಗೆ ಆಹಾರ ಎಂಬುದು ನಿಜ. ಆದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. 35 ಡಿಗ್ರಿಯ ಅಡುಗೆಮನೆಯಲ್ಲಿ ರಾತ್ರಿಯಿಡೀ ಬಿಟ್ಟ ಅನ್ನದಲ್ಲಿ ಅವು ಮೊಳೆತು ವಿಷ ಮಾಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರವಿ ಆರಿಸಿ ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಬೆಳಿಗ್ಗೆಯೇ ಮುಗಿಸಿ. ಫ್ರಿಜ್ ಇಲ್ಲದ ಮನೆಯಲ್ಲಿ ಬೇಸಿಗೆಯ ತಂಗಳು ಬೇಡ.

ಎಳೆ ಕೂಸು

ತಾಯಿಹಾಲಿನಲ್ಲಿ ಕೂಸಿಗೆ ಜೀರ್ಣವೇ ಆಗದ ಸಕ್ಕರೆಗಳಿವೆ. ಅವು ಇರುವುದೇ ಬಿಫಿಡೊಬ್ಯಾಕ್ಟೀರಿಯಾಕ್ಕಾಗಿ. ಆ ಬ್ಯಾಕ್ಟೀರಿಯಾ ಬೆಳೆದು ಕರುಳನ್ನು ಆಮ್ಲೀಯವಾಗಿಟ್ಟು ಕೆಟ್ಟವು ತಳವೂರದಂತೆ ತಡೆಯುತ್ತವೆ. ಆರು ತಿಂಗಳು ತಾಯಿಹಾಲು ಬಿಟ್ಟರೆ ನೀರೂ ಬೇಡ, ಘುಟ್ಟಿಯೂ ಬೇಡ, ಬಜೆ ತೇಯ್ದು ನೆಕ್ಕಿಸುವುದೂ ಬೇಡ. ಮೊದಲ ಗಟ್ಟಿಹಾಲನ್ನು ಹಿಂಡಿ ಚೆಲ್ಲಬೇಡಿ.

ಜೇನುತುಪ್ಪವನ್ನಂತೂ ಒಂದು ವರ್ಷದವರೆಗೆ ನೆಕ್ಕಿಸಲೇಬಾರದು. ಅದರಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಬೀಜಕಣ ಇರಬಹುದು. ದೊಡ್ಡವರ ಕರುಳಿನಲ್ಲಿ ಬ್ಯಾಕ್ಟೀರಿಯಾ ಬಳಗ ಬಲಿತಿರುವುದರಿಂದ ಅದಕ್ಕೆ ಜಾಗ ಸಿಗುವುದಿಲ್ಲ. ಕೂಸಿನ ಕರುಳಿನಲ್ಲಿ ಸಿಗುತ್ತದೆ, ಮೊಳೆತು ಸ್ನಾಯುಗಳನ್ನು ಸಡಿಲಗೊಳಿಸುವ ವಿಷ ಮಾಡುತ್ತದೆ.

ಅಪೌಷ್ಟಿಕತೆಯಿಂದ ಮೈಹತ್ತದ ಮಕ್ಕಳಲ್ಲಿ ಕರುಳಿನ ಬ್ಯಾಕ್ಟೀರಿಯಾ ವಯಸ್ಸಿಗೆ ತಕ್ಕಷ್ಟು ಬಲಿತಿರುವುದಿಲ್ಲ ಎಂಬುದು ಬಾಂಗ್ಲಾದೇಶದ ಮಕ್ಕಳ ಅಧ್ಯಯನಗಳಿಂದ ತಿಳಿಯಿತು. 2021ರಲ್ಲಿ ಪ್ರಕಟವಾದ ಢಾಕಾದ ಪ್ರಯೋಗದಲ್ಲಿ 12ರಿಂದ 18 ತಿಂಗಳ ಮಕ್ಕಳಿಗೆ ಕಡಲೆ, ಸೋಯಾ, ಶೇಂಗಾ, ಬಾಳೆಕಾಯಿ ಇರುವ ಆಹಾರ ಕೊಟ್ಟಾಗ, ಅದಕ್ಕಿಂತ ಹೆಚ್ಚು ಕ್ಯಾಲೊರಿಯ ಸಿದ್ಧ ಆಹಾರ ತಿಂದ ಮಕ್ಕಳಿಗಿಂತ ಅವರು ಚೆನ್ನಾಗಿ ಬೆಳೆದರು. ಆ ಪ್ರಯೋಗದ ಪಾಕ ಮನೆಯಲ್ಲಿ ಮಾಡುವಂಥದ್ದಲ್ಲ, ಆದರೆ ಸಾಮಾನು ನಮ್ಮ ಡಬ್ಬಿಯಲ್ಲೇ ಇದೆ. ಒಂದು ವರ್ಷ ದಾಟಿದ ಮಗುವಿಗೆ: ಬೇಯಿಸಿ ಕಿವುಚಿದ ಅರ್ಧ ಬಾಳೆಕಾಯಿ, ಪುಟಾಣಿ ಹಿಟ್ಟು ಎರಡು ಚಮಚ, ಹುರಿದು ನುಣ್ಣಗೆ ಅರೆದ ಶೇಂಗಾ ಒಂದು ಚಮಚ, ಸ್ವಲ್ಪ ಬೆಲ್ಲ, ಎಣ್ಣೆ ಅರ್ಧ ಚಮಚ. ಶೇಂಗಾ ಮೊದಲ ಸಲ ಕಾಲು ಚಮಚವಷ್ಟೇ ಕೊಟ್ಟು ನೋಡಿ. ಮೈ ದದ್ದು, ತುಟಿ ಊತ ಬಂದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಇಡೀ ಶೇಂಗಾಕಾಳು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ, ಉಸಿರುನಾಳಕ್ಕೆ ಹೋಗುತ್ತದೆ.

ಅಂಗನವಾಡಿಯಲ್ಲಿ ತೋಳಿನ ಸುತ್ತಳತೆಯ ಪಟ್ಟಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳು 11.5 ಸೆಂ.ಮೀ.ಗಿಂತ ಕಡಿಮೆ ಬಂದು ಕೆಂಪು ತೋರಿಸಿದರೆ ಮನೆಯ ಪಾಕ ಸಾಲದು. ಅಂಗನವಾಡಿ ಕಾರ್ಯಕರ್ತೆಯ ಮೂಲಕ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು.

ಭೇದಿ ಶುರುವಾದಾಗ

ಮಕ್ಕಳ ನೀರುಭೇದಿಗೆ ಹೆಚ್ಚಾಗಿ ಕಾರಣ ವೈರಸ್. ಆಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದಿಲ್ಲ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಸವರಿಹಾಕುತ್ತದೆ. ಮೊದಲ ಕೆಲಸ ಓಆರ್‌ಎಸ್. ಒಂದು ಲೀಟರಿನ ಪ್ಯಾಕೆಟ್ಟನ್ನು ಅಳೆದ ಒಂದು ಲೀಟರ್ ನೀರಿಗೇ ಪೂರ್ತಿ ಹಾಕಬೇಕು. ಅರ್ಧ ಪ್ಯಾಕೆಟ್ಟನ್ನು ಲೋಟಕ್ಕೆ ಹಾಕಿದರೆ ಉಪ್ಪು ಅತಿಯಾಗಿ ಮಗುವಿಗೆ ಅಪಾಯ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಮಟ್ಟಸ ಅರ್ಧ ಟೀ ಚಮಚ ಉಪ್ಪು. 24 ಗಂಟೆ ದಾಟಿದರೆ ಚೆಲ್ಲಿ ಹೊಸದು ಮಾಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಗೆ 50ರಿಂದ 100 ಮಿಲಿ, ಚಮಚದಲ್ಲಿ ನಿಧಾನಕ್ಕೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡಿ. ಜತೆಗೆ ಸತುವಿನ ಮಾತ್ರೆ: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ, ಎರಡರಿಂದ ಆರು ತಿಂಗಳವರಿಗೆ 10 ಮಿ.ಗ್ರಾಂ, 14 ದಿನ. ಭೇದಿ ಮೂರನೇ ದಿನಕ್ಕೇ ನಿಂತರೂ 14 ದಿನ ಮುಗಿಸಿ. ಹಾಲೂಡುವುದನ್ನು, ಊಟವನ್ನು ನಿಲ್ಲಿಸಬೇಡಿ.

ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಮಕ್ಕಳಿಗೆ ಬೇಡ. ರಕ್ತಭೇದಿ ಇದ್ದರೆ ದೊಡ್ಡವರಿಗೂ ಬೇಡ, ಕ್ರಿಮಿಯೂ ವಿಷವೂ ಒಳಗೇ ನಿಲ್ಲುತ್ತವೆ. ರಕ್ತ ಕಂಡರೆ, ಜ್ವರ ಜೋರಿದ್ದರೆ, ಮಗು ಕಣ್ಣು ಗುಳಿಬಿದ್ದು ಮಂಕಾಗಿ ಕುಡಿಯದೇ ಇದ್ದರೆ, ಆರು ಗಂಟೆ ಮೂತ್ರ ಬರದಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೋ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ತಡಮಾಡದೆ ಹೋಗಿ. ರೋಟಾ ವೈರಸ್ ಲಸಿಕೆ 6, 10, 14ನೇ ವಾರದಲ್ಲಿ ಸರ್ಕಾರದ ಕಡೆಯಿಂದ ಉಚಿತ.

ಆಂಟಿಬಯಾಟಿಕ್ ನುಂಗಲೇಬೇಕಾದಾಗ

ಬೇಕಾದಾಗ ನುಂಗಲೇಬೇಕು, ಕರುಳಿನ ಬ್ಯಾಕ್ಟೀರಿಯಾ ಹೋಗುತ್ತವೆಂದು ನ್ಯುಮೋನಿಯಾ, ಟೈಫಾಯ್ಡ್‌ಗೆ ಮಾತ್ರೆ ಬಿಡುವುದು ಪ್ರಾಣಕ್ಕೆ ಕುತ್ತು. ಬಿಡಬೇಕಾದದ್ದು ನೆಗಡಿ, ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಮೂರು ಮಾತ್ರೆ ತರುವ ರೂಢಿ.

ಸಿಪ್ರೋಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಮಾತ್ರೆಗಳನ್ನು ಹಾಲು, ಮೊಸರಿನ ಜತೆ ನುಂಗಬೇಡಿ. ಕ್ಯಾಲ್ಸಿಯಂ ಅವನ್ನು ಹಿಡಿದುಕೊಂಡು ರಕ್ತಕ್ಕೆ ಸೇರಗೊಡುವುದಿಲ್ಲ. ಮೊದಲು ಮಾತ್ರೆ, ಎರಡು ಗಂಟೆ ಬಿಟ್ಟು ಮಜ್ಜಿಗೆ. ವೈದ್ಯರು ಪ್ರೊಬಯಾಟಿಕ್ ಬರೆದಿದ್ದರೆ ಅದಕ್ಕೂ ಎರಡು ಗಂಟೆಯ ಅಂತರ ಇರಲಿ. ಸ್ಯಾಕರೊಮೈಸಿಸ್ ಬೌಲಾರ್ಡಿ ಮಾತ್ರ ಯೀಸ್ಟ್, ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಅದನ್ನು ಕೊಲ್ಲುವುದಿಲ್ಲ. ಕೊಳ್ಳುವಾಗ ಪೊಟ್ಟಣದ ಮೇಲೆ ಯಾವ ತಾಪಮಾನದಲ್ಲಿಡಬೇಕು ಎಂದಿದೆಯೋ ಓದಿ. 25 ಡಿಗ್ರಿಯ ಕೆಳಗಿಡಬೇಕಾದ ಲ್ಯಾಕ್ಟೊಬ್ಯಾಸಿಲಸ್ ಪುಡಿ ಮೇ ತಿಂಗಳ ಬಳ್ಳಾರಿಯಲ್ಲಿ ಎಸಿ ಇಲ್ಲದ ಅಂಗಡಿಯ ಕಪಾಟಿನಲ್ಲಿದ್ದರೆ ಅದರಲ್ಲಿ ಎಷ್ಟು ಬದುಕಿವೆಯೋ ಹೇಳಲಾಗದು. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ರೋಗನಿರೋಧಕ ಶಕ್ತಿ ಕುಂದಿದವರು, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ವೈದ್ಯರನ್ನು ಕೇಳದೆ ಪ್ರೊಬಯಾಟಿಕ್ ಕೊಡಲೇಬಾರದು, ಆ ಬ್ಯಾಕ್ಟೀರಿಯಾವೇ ರಕ್ತಕ್ಕೆ ಸೇರಬಹುದು.

ಆಂಟಿಬಯಾಟಿಕ್ ನಡುವೆಯೋ ಮುಗಿದ ಕೆಲವು ವಾರಗಳಲ್ಲೋ ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ನೀರುಭೇದಿ, ಹೊಟ್ಟೆನೋವು, ಜ್ವರ ಬಂದರೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಖಾಲಿಯಾದ ಜಾಗ ಹಿಡಿದಿರಬಹುದು. ತಿಂದ ಮಾತ್ರೆಯ ಹೆಸರು ಸಮೇತ ವೈದ್ಯರಿಗೆ ಹೇಳಿ. ಇದು ಮರುಕಳಿಸುತ್ತಲೇ ಇದ್ದ ರೋಗಿಗಳಿಗೆ ನೆದರ್ಲೆಂಡ್ಸ್‌ನಲ್ಲಿ ಆರೋಗ್ಯವಂತರ ಮಲದಿಂದ ಸೋಸಿ ತೆಗೆದ ದ್ರವವನ್ನು ಕರುಳಿಗೆ ಹಾಯಿಸಿದಾಗ, ಒಂದೇ ಸಲಕ್ಕೆ 16ರಲ್ಲಿ 13 ಮಂದಿ ಗುಣವಾದರು. ವ್ಯಾಂಕೊಮೈಸಿನ್ ಔಷಧ ಮಾತ್ರ ಪಡೆದ 13ರಲ್ಲಿ ಗುಣವಾದವರು 4. ಆ ಅಧ್ಯಯನ ಪ್ರಕಟವಾದದ್ದು 2013ರಲ್ಲಿ. ಬ್ಯಾಕ್ಟೀರಿಯಾ ಬಳಗ ಕಳೆದುಹೋದದ್ದೇ ಈ ರೋಗ ಮರುಕಳಿಸಲು ಮೂಲ ಎಂಬುದಕ್ಕೆ ಇದು ನೇರವಾದ ಸಾಕ್ಷಿ. ಇದು ಆಸ್ಪತ್ರೆಯಲ್ಲಿ, ದಾನಿಯನ್ನು ಪರೀಕ್ಷಿಸಿದ ಮೇಲೆ ಮಾಡುವ ಕೆಲಸ.

ದಿನವೂ ಗ್ಯಾಸ್ ಮಾತ್ರೆ ನುಂಗುವವರು

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಬೆಳಿಗ್ಗೆ ಎದ್ದ ಕೂಡಲೇ ನುಂಗುವುದು ಚಹಾದಷ್ಟೇ ಸಾಮಾನ್ಯವಾಗಿದೆ. ಜಠರದ ಆಮ್ಲ ಹೊರಗಿನ ಕ್ರಿಮಿಗಳಿಗೆ ಮೊದಲ ತಡೆ. ಅದನ್ನು ತಿಂಗಳುಗಟ್ಟಲೆ ತಗ್ಗಿಸಿದರೆ ಕರುಳಿನ ಸೋಂಕು ಹೆಚ್ಚುತ್ತದೆ, ಡಿಫಿಸಿಲ್‌ನ ಅಪಾಯವೂ ಏರುತ್ತದೆ. ರಕ್ತಸ್ರಾವವಾದ ಹುಣ್ಣು ಇದ್ದವರು, ಹೃದಯಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ತಾವಾಗಿ ನಿಲ್ಲಿಸಬಾರದು. ಉಳಿದವರು ಇದು ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ, ನಿಧಾನಕ್ಕೆ ಇಳಿಸಬಹುದು. ಒಮ್ಮೆಲೇ ಬಿಟ್ಟರೆ ಕೆಲವು ದಿನ ಎದೆಯುರಿ ಹೆಚ್ಚುತ್ತದೆ, ಅದನ್ನೇ ಕಾಯಿಲೆ ಮರಳಿತೆಂದು ತಿಳಿದು ಮತ್ತೆ ಶುರುಮಾಡುತ್ತಾರೆ.

ಮಿರ್ಚಿ-ಮಂಡಕ್ಕಿ ತಿಂದಾಗ ಮಾತ್ರವಲ್ಲ, ಯಾವಾಗಲೂ ಹೊಟ್ಟೆಯ ಮೇಲ್ಭಾಗ ಉರಿಯುತ್ತಿದ್ದರೆ ಹೆಲಿಕೊಬ್ಯಾಕ್ಟರ್ ಪೈಲೊರಿ ಪರೀಕ್ಷೆ ಮಾಡಿಸಿ. ಜಠರದ ಹುಣ್ಣಿಗೆ ಖಾರ, ಚಿಂತೆಗಳೇ ಕಾರಣ ಎಂಬ ನಂಬಿಕೆಯನ್ನು ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ತಲೆಕೆಳಗು ಮಾಡಿದ್ದು ಈ ಬ್ಯಾಕ್ಟೀರಿಯಾ ತೋರಿಸಿಯೇ, 2005ರಲ್ಲಿ ಅವರಿಗೆ ನೊಬೆಲ್ ಬಂತು. ಮಲದ ಪರೀಕ್ಷೆ ಅಥವಾ ಉಸಿರಿನ ಪರೀಕ್ಷೆ ಸಾಕು. ಆದರೆ ಅದಕ್ಕೆ ಎರಡು ವಾರ ಮೊದಲು ಗ್ಯಾಸ್ ಮಾತ್ರೆ, ನಾಲ್ಕು ವಾರ ಮೊದಲು ಆಂಟಿಬಯಾಟಿಕ್ ನಿಲ್ಲಿಸಿರಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ ಇಲ್ಲವೆಂದು ಬರುತ್ತದೆ. ಇದ್ದರೆ ಸಾಮಾನ್ಯವಾಗಿ 14 ದಿನದ ಚಿಕಿತ್ಸೆ. ಏಳನೇ ದಿನಕ್ಕೆ ಉರಿ ಕಡಿಮೆಯಾಯಿತೆಂದು ಬಿಟ್ಟರೆ ಔಷಧಕ್ಕೆ ಬಗ್ಗದಂತಾಗುತ್ತದೆ. ಮೊಸರಿನಿಂದ ಪೈಲೊರಿ ಹೋಗುವುದಿಲ್ಲ.

ಮಲ ಪರೀಕ್ಷೆಯ ದುಬಾರಿ ಕಿಟ್‌ಗಳು

ನಿಮ್ಮ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಬಣ್ಣದ ಚಾರ್ಟ್ ಕೊಡುವ ಕಿಟ್‌ಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಹೀಗಿದ್ದರೆ ಸರಿ ಎಂಬ ಒಪ್ಪಿತ ಅಳತೆಯೇ ಇನ್ನೂ ಇಲ್ಲ. ದಿನವೂ ಅನ್ನ, ರೊಟ್ಟಿ, ಸೊಪ್ಪು ಉಣ್ಣುವ ಭಾರತೀಯರಲ್ಲಿ ಪ್ರೆವೊಟೆಲ್ಲಾ ಜಾತಿ ಹೆಚ್ಚು, ಮಾಂಸ-ಕೊಬ್ಬು ಹೆಚ್ಚು ತಿನ್ನುವ ಪಶ್ಚಿಮದವರಲ್ಲಿ ಬ್ಯಾಕ್ಟಿರಾಯ್ಡಿಸ್ ಹೆಚ್ಚು. ಅವರ ಅಳತೆಗೆ ನಮ್ಮ ಕರುಳನ್ನು ಹೋಲಿಸಿ ದೋಷ ಹುಡುಕುವುದು ಸರಿಯಲ್ಲ. ಆ ದುಡ್ಡಿಗೆ ವರ್ಷದ ಹೆಸರು, ಮಡಿಕೆ, ಅಗಸಿ ಬರುತ್ತದೆ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಎರಡು ವಾರ ದಾಟಿದ ಭೇದಿ, 50ರ ನಂತರ ಹೊಸದಾಗಿ ಶುರುವಾದ ಮಲಬದ್ಧತೆ: ಇವಕ್ಕೆ ನಾರೂ ಮಜ್ಜಿಗೆಯೂ ಔಷಧವಲ್ಲ. ವೈದ್ಯರ ಬಳಿ ಹೋಗುವಾಗ ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಸಲ, ಯಾವ ಮಾತ್ರೆ ನುಂಗಿದ್ದೀರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು, ಖಾಲಿ ಮಾತ್ರೆ ಪಟ್ಟಿಗಳನ್ನೂ ಜತೆಗೆ ಒಯ್ಯಿರಿ.